ಜೋಳಿಗೆಗೆ ಹಿಡಿಸದ ಭಿಕ್ಷೆ

ಕುರ್ಚಿ ಕಂಡರೆ ಒಮ್ಮೆ ಕೂತು ನೋಡದೆ ಮುಂದೆ ಹೋಗುವವರಲ್ಲ ನಮ್ಮ ಸಂಗಯ್ಯನವರು. ಮದುವೆ ಮನೆಯಿರಲಿ, ದವಾಖಾನೆಯಿರಲಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಿರಲಿ, ಮೊದಲು ಕೂರುವುದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುವುದು, ಕಣ್ಣು ಮುಚ್ಚಿ ಅದರ ಕಿರ್‌ಕಿರ್ ಕೇಳುವುದು, ಆಮೇಲೆ ತೀರ್ಪು ಕೊಡುವುದು. ಒಮ್ಮೆ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಉಮರ್ಗಾದ ಒಂದು ಆಫೀಸಿಗೆ ನಮ್ಮ ಸಂಸ್ಥೆಯ ಕಾಗದಕ್ಕೆ ಸಹಿ ಹಾಕಿಸಲು ಇಬ್ಬರೂ ಹೋಗಿದ್ದೆವು. ಸಾಹೇಬರು ಕೈ ತೊಳೆಯಲು ಒಳಗೆ ಹೋದದ್ದೇ ತಡ, ಇವರು ಅವರ ಕುರ್ಚಿಯಲ್ಲಿ. ಸಾಹೇಬರು ಹೊರಬಂದು ಬಾಗಿಲಲ್ಲೇ ನಿಂತರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅಯ್ಯನವರು ಮಾತ್ರ ಏಳಲಿಲ್ಲ.

"ಹಿಂದಿನ ಎಡಗಾಲು ಸಡ್ಲ ಅದ ಸಾಹೇಬ್ರ," ಎಂದರು. "ಕುಂತವರು ಸಾಹೇಬ್ರು ಅಂತ ಕುರ್ಚಿಗೇನ್ ಗೊತ್ತಿರ್ತದ? ಎಲ್ಲಾರಿಗೂ ಒಂದೇ ನಮೂನಿ ಕೆಡವ್ತದ."

ಹಾಗೆಂದವರೇ ಅಂಗಿಯ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು, ಬಿಳಿ ಧೋತರ ಮೇಲೆ ಕಟ್ಟಿ, ಮೇಜಿನ ಕೆಳಗೆ ಮಲಗಿಬಿಟ್ಟರು. ಸಾಹೇಬರು ನಿಂತುಕೊಂಡೇ ನಮ್ಮ ಕಾಗದಕ್ಕೆ ಸಹಿ ಹಾಕಿದರು. ಕೂರಲು ಬೇರೆ ಕುರ್ಚಿ ಇರಲಿಲ್ಲ.

ಅಯ್ಯನವರದು ಕಾಸಾರಶಿರಸಿಯ ಜಂಗಮರ ಮನೆತನ. ಅಜ್ಜನ ಕಾಲಕ್ಕೆ ಆಳಂದ ಕಡೆಯಿಂದ ಬಂದವರು. ಸುತ್ತಲಿನ ಮನೆಗಳಲ್ಲಿ ಮಗು ಹುಟ್ಟಿದರೂ ಇವರೇ, ಮದುವೆಯಾದರೂ ಇವರೇ, ಸತ್ತರೂ ಇವರೇ. ಮನೆ ಮನೆಗೆ ಭಿಕ್ಷೆಗೆ ಹೋಗುವುದು ಅವರ ತಂದೆಯವರೆಗೂ ನಡೆದಿತ್ತು. ಇವರು ಶಾಲೆ ಮಾಸ್ತರರಾಗಿ ಉಮರ್ಗಾಕ್ಕೆ ಬಂದ ಮೇಲೆ ಜೋಳಿಗೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿಬಿಟ್ಟಿದ್ದರು. ಯಾಕೆಂದು ಕೇಳಿದರೆ, "ಪಗಾರ ತಗೊಂಡು ಭಿಕ್ಷಾನೂ ಬೇಡಿದ್ರ ಶಿವ ನನ್ ಮ್ಯಾಲ ಟ್ಯಾಕ್ಸ್ ಹಾಕ್ತಾನ" ಎನ್ನುತ್ತಿದ್ದರು.

ನಿವೃತ್ತರಾದ ಮರುತಿಂಗಳು ಅವರು ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆ ಕಾಯುತ್ತಿದ್ದರು. ಮಂಗ ಬಂತು. ಅದನ್ನು ಓಡಿಸುವ ಭರದಲ್ಲಿ ಅದರ ಹಿಂದೆಯೇ ಹಾರಿದರು. ಮಂಗ ಬೇವಿನ ಮರ ಹಿಡಿಯಿತು, ಇವರಿಗೆ ಮರ ಸಿಗಲಿಲ್ಲ. ಕಾಲು ಮುರಿಯಿತು. ಹಿಡಿದು ನಡೆಯುವ ವಾಕರ್ ಊರಲ್ಲೆಲ್ಲೂ ಸಿಗದೆ ಸೊಲ್ಲಾಪುರದಿಂದ ತರಿಸಿದರು. ಕಾಲು ಕೂಡಿದ ಮೇಲೆ ವಾಕರ್ ಮೂಲೆ ಸೇರಿತು. ಅದನ್ನು ಓಣಿಯ ಒಬ್ಬ ಮುದುಕಿ ಒಯ್ದಳು, ಅವಳಿಂದ ಇನ್ನೊಬ್ಬರು ಕೇಳಿದರು. ಹೀಗೆ ಶುರುವಾದದ್ದೇ ನಮ್ಮ ಸಂಸ್ಥೆ. ರೋಗಿಗಳಿಗೆ ಬೇಕಾಗುವ ಸಾಮಾನು, ಅಂದರೆ ವೀಲ್‌ಚೇರ್, ವಾಕರ್, ಊರುಗೋಲು, ತಲೆಯ ಭಾಗ ಏರಿಸುವ ಮಂಚ, ಕೂತಲ್ಲೇ ಶೌಚಕ್ಕೆ ಅನುಕೂಲವಾಗುವ ತೂತಿನ ಕುರ್ಚಿ, ಇವನ್ನೆಲ್ಲ ಬೇಕಾದವರಿಗೆ ಪುಕ್ಕಟೆ ಕೊಡುವುದು, ಅವರ ಕೆಲಸವಾದ ಮೇಲೆ ತಿರುಗಿ ಪಡೆಯುವುದು. ಅಧ್ಯಕ್ಷರಾದ ಡಾಕ್ಟರು ತಮ್ಮ ದವಾಖಾನೆಯ ಹಿಂದಿನ ಕೋಣೆ ಕೊಟ್ಟರು. ರಜಿಸ್ಟರಿನಲ್ಲಿ ಸಂಸ್ಥೆಗೆ ಒಂದು ಉದ್ದನೆಯ ಹೆಸರಿದೆ, ನನಗೇ ನೆನಪಿರುವುದಿಲ್ಲ. ಊರಿಗೆ ಅದು ಕುರ್ಚಿ ಮನೆ.

ನಾನು ಬಸವಕಲ್ಯಾಣದಿಂದ ಉಮರ್ಗಾಕ್ಕೆ ಸೊಸೆಯಾಗಿ ಬಂದವಳು. ಮರಾಠಿ, ಕನ್ನಡ ಎರಡೂ ಬರೆಯಲು ಬರುತ್ತದೆ ಅಂತ ಕುರ್ಚಿ ಮನೆಯಲ್ಲಿ ಕೆಲಸ ಸಿಕ್ಕಿತು. ಯಾರು ಏನು ಒಯ್ದರು ಎಂದು ಬರೆದಿಡುವುದು ನನ್ನ ಕೆಲಸ. ನಾನು ಬರೆದದ್ದನ್ನು ಬುಡಮೇಲು ಮಾಡುವುದು ಅಯ್ಯನವರ ಕೆಲಸ.

ಕರೋನಾ ಬಂದಾಗ ಎಲ್ಲರ ಹಾಗೆ ನಾವೂ ಬಾಗಿಲು ಹಾಕಿದೆವು. ಎರಡನೇ ದಿನಕ್ಕೇ ಅಯ್ಯನವರು ಕಿಟಕಿಯ ಸರಳು ಬಿಚ್ಚಿದರು. ಮೂಗಿಗೆ ಮಾಸ್ಕು, ಆ ಮಾಸ್ಕಿನ ಮೇಲೂ ಮೂರು ಬೆರಳಿನ ವಿಭೂತಿ. "ಹಣಿ ಟೊಪಗಿಯಾಗ ಹೋಯ್ತು, ಮಾರಿ ಇದರಾಗ ಹೋಯ್ತು, ನಾ ಯಾರು ಅಂತ ಮಂದಿಗಿ ಗೊತ್ತಾಗಬ್ಯಾಡೇನು?" ಎಂದರು. ಕಿಟಕಿಯಿಂದ ವೀಲ್‌ಚೇರ್ ಮಡಚಿ ಇಳಿಸುವುದು, ಹಗ್ಗ ಕಟ್ಟಿ ಮಂಚದ ಕಾಲು ಬಿಡುವುದು, ಹೊರಗಿನವರು ಎಳೆದುಕೊಂಡು ಓಡುವುದು. ದಾರಿಯಲ್ಲಿ ಪೊಲೀಸರು ತಡೆಯುತ್ತಿದ್ದರು. ಹೋದ ಸಾಮಾನು ತಿರುಗಿ ಬರಲು ದಾರಿಯೇ ಇರಲಿಲ್ಲ. ಆಗ ಇವರು ಫೋನಿನಲ್ಲಿ ಎಲ್ಲರಿಗೂ ಒಂದು ಅಪ್ಪಣೆ ಕೊಟ್ಟರು: "ನಿಮ್ ಕೆಲಸ ಆದ ಮ್ಯಾಲ ನಮ್ ಕಡಿ ತರಬ್ಯಾಡ್ರಿ. ಸಾಬಣ ಹಚ್ಚಿ ತೊಳದು, ಬಿಸಲಿಗಿಟ್ಟು, ಯಾರಿಗಿ ಬೇಕೋ ಅವ್ರಿಗೇ ಕೊಟ್ಟುಬಿಡ್ರಿ."

"ಹಿಂಗಾದ್ರ ಲೆಕ್ಕ ಹ್ಯಾಂಗಿಡ್ಲಿ ಅಯ್ಯನೋರ?" ಎಂದು ನಾನು ತಲೆ ಚಚ್ಚಿಕೊಂಡೆ.

"ಈಗ ಮಂದಿ ಉಳೀಲಿ. ಲೆಕ್ಕ ಆಮ್ಯಾಲ ಹುಟ್ಟಸ್ಕೋಣು."

ಮಂದಿ ಉಳಿದರು, ಎಲ್ಲರೂ ಅಲ್ಲ. ನಲವತ್ತೆರಡು ಸಾಮಾನುಗಳಲ್ಲಿ ಕೋಣೆಯಲ್ಲಿ ಉಳಿದದ್ದು ಒಂಟಿ ಊರುಗೋಲು ಮತ್ತು ನನ್ನ ಮೇಜು. ಉಮರ್ಗಾದ ವೀಲ್‌ಚೇರ್ ಬೀಗರ ಮನೆ ಹಿಡಿದು ನಿಲಂಗಾಕ್ಕೆ ಹೋಗಿತ್ತು, ಅಲ್ಲಿಂದ ಸೋದರತ್ತೆಯ ಮನೆ ಹಿಡಿದು ಉದಗೀರಕ್ಕೆ. ಹಾವಳಿ ನಿಂತ ಮೇಲೆ ನಾನು ವಾಟ್ಸಾಪಿನಲ್ಲಿ ನೋಟೀಸು ಬಿಟ್ಟೆ. ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಎರಡರಲ್ಲೂ ಖಾರ ಹೆಚ್ಚು. ಉತ್ತರವಾಗಿ ಹತ್ತು ಹೆಬ್ಬೆರಳು, ಆರು ನಮಸ್ಕಾರ, ಗುಲಾಬಿ ಹೂವಿನ ಒಂದು ಶುಭೋದಯ ಬಂದವು. ಸಾಮಾನು ಬರಲಿಲ್ಲ.

ಈಗ ನನ್ನ ಮಾತು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಆ ನಲವತ್ತೆರಡರಲ್ಲಿ ಒಂದು ವಾಕರ್ ನಮ್ಮ ಮನೆಯಲ್ಲೇ ಇತ್ತು. ನಮ್ಮತ್ತೆ ಗುರುಬಾಯಿ ಅದನ್ನು ಹಿಡಿದು ಟಕ್ ಟಕ್ ಎಂದು ಮನೆಯೆಲ್ಲ ಓಡಾಡುತ್ತ, ನನ್ನ ಸಾರಿಗೆ ಉಪ್ಪು ಕಡಿಮೆಯೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರುತ್ತಿದ್ದರು. ಕೈ ಜಾರಬಾರದೆಂದು ಅದರ ಹಿಡಿಕೆಗೆ ನನ್ನ ಹಳೆಯ ಸೀರೆಯ ತುಂಡು ಸುತ್ತಿದ್ದರು. ಎರಡನೇ ಅಲೆಯಲ್ಲಿ ನಾಲ್ಕೇ ದಿನದ ಜ್ವರಕ್ಕೆ ಹೋಗಿಬಿಟ್ಟರು. ವಾಕರ್ ಅಡುಗೆಮನೆ ಬಾಗಿಲಲ್ಲೇ ನಿಂತಿತು. ಒಯ್ಯಬೇಕೆಂದು ದಿನಾ ಅನ್ನಿಸುತ್ತಿತ್ತು, ಕೈ ಏಳುತ್ತಿರಲಿಲ್ಲ. ಊರಿಗೆಲ್ಲ 'ಕೂಡಲೇ ಮರಳಿಸಿ' ಎಂದು ಬರೆಯುವವಳ ಮನೆಯಲ್ಲೇ ಹೀಗೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಳೆಗಾಲ ಮುಗಿಯುತ್ತ ಡಾಕ್ಟರು ಮೀಟಿಂಗ್ ಕರೆದರು. ಪಾಪ, ಅವರೂ ದಣಿದಿದ್ದರು.

"ಸ್ವಾಮಿ, ಆತಾ ಪುರೇ, ಇನ್ನ ಸಾಕು," ಎಂದರು. "ಖಾಲಿ ಕೋಣಿ ಇಟ್ಕೊಂಡು ಏನ್ ಮಾಡೋದು? ಖಂಡೇನವಮಿ ತನಕ ನೋಡೋಣು. ಅವತ್ತು ಪೂಜಿ ಮಾಡ್ಲಾಕ ಸಾಮಾನ ಬಂದಿದ್ರ ಕುರ್ಚಿ ಮನಿ ನಡೀಲಿ. ಇಲ್ಲಾಂದ್ರ ಬಾಗಿಲ ಹಾಕೋಣು, ಕೋಣಿ ಔಷಧ ಅಂಗಡಿಗಿ ಕೊಡ್ತೀನಿ."

ಖಂಡೇನವಮಿಗೆ ಒಂದು ತಿಂಗಳೂ ಇರಲಿಲ್ಲ. ಆ ದಿನ ನಮ್ಮ ಕಡೆ ನೇಗಿಲು, ತಕ್ಕಡಿ, ಮೋಟಾರ್‌ಸೈಕಲ್ಲು, ಯಾರ ಕಸುಬಿಗೆ ಯಾವುದೋ ಅದಕ್ಕೆ ಪೂಜೆ. ನಮ್ಮ ಕಸುಬಿನದೇನೂ ನಮ್ಮ ಹತ್ತಿರ ಇರಲಿಲ್ಲ. ಅಯ್ಯನವರು ಕೂತ ಕುರ್ಚಿಯನ್ನು ಎರಡು ಸಲ ಹೊಯ್ದಾಡಿಸಿ ಎದ್ದು ಹೋದರು.

ಮರುದಿನ ಬೆಳಿಗ್ಗೆ ಬಂದವರನ್ನು ನಾನು ಗುರುತೇ ಹಿಡಿಯಲಿಲ್ಲ. ಕಾವಿ ಶಾಲು, ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಗಂಟೆ, ಹೆಗಲಿಗೆ ಅವರ ತಂದೆಯ ಜೋಳಿಗೆ.

"ಏನಿದು ವೇಷ ಅಯ್ಯನೋರ?"

"ವೇಷ ಅಲ್ಲವ್ವಾ, ಇದು ಖರೇ ಕೆಲಸ. ಇಷ್ಟ್ ವರ್ಷ ಮಾಸ್ತರಕಿ ಮಾಡಿದ್ದೇ ವೇಷ. ಏಳು, ಭಿಕ್ಷಾಕ ಹೋಗೋಣು."

"ನೋಟೀಸಿಗೇ ಕೊಡ್ಲಾರದ ಮಂದಿ ಭಿಕ್ಷಾಕ ಕೊಡ್ತಾರೇನ್ರಿ?"

ಅವರು ನನ್ನನ್ನು ಒಂದು ಕ್ಷಣ ನೋಡಿದರು. "ಸುವರ್ಣಾ, ಇಟ್ಕೊಂಡವರು ಕಳ್ಳರಲ್ಲ. ತಡಾ ಆಗ್ಯದ, ತರ್ಲಾಕ ನಾಚಿಕಿ. ಮನ್ಯಾಗ ಸತ್ತಾರ, ತರ್ಲಾಕ ದುಃಖ. ನಿನ್ ನೋಟೀಸು 'ತಂದುಕೊಡು' ಅಂತದ. ಭಿಕ್ಷಾ ಅಂದ್ರ ಅವ್ರೇ ದಾನಾ ಕೊಟ್ಟಂಗ ಆಗ್ತದ. ಕೊಡವನ ಕೈ ಮ್ಯಾಲಿರ್ತದ."

ನಾನು ನೆಲ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ಹಾಗಾಯಿತು ನನ್ನ ಪಾಡು.

ಮೊದಲ ಮನೆಯಲ್ಲೇ ತಮಾಷೆ. ಗಂಟೆ ಬಾರಿಸಿ "ಭಿಕ್ಷಾ" ಎಂದರು. ಮನೆಯಾಕೆ ತಲೆಗೆ ಸೆರಗೆಳೆದು ಮೊರದಲ್ಲಿ ಜೋಳ ತಂದಳು. ಅಯ್ಯನವರು ಜೋಳಿಗೆಯ ಬಾಯಿ ಮುಚ್ಚಿದರು.

"ಜ್ವಾಳ ಬ್ಯಾಡವ್ವಾ. ಒಳಗ ಅರಿವಿ ಒಣಹಾಕಿರಲ್ಲ, ಆ ವಾಕರ್ ಹಾಕು."

ಆಕೆ ಹೌಹಾರಿ ಹಿಂದೆ ನೋಡಿದಳು. ವಾಕರಿನ ಮೇಲೆ ಗಂಡನ ಎರಡು ಬನಿಯನ್ನು, ಒಂದು ಟವೆಲ್ಲು ಒಣಗುತ್ತಿದ್ದವು. "ಇದು ಜೋಳಿಗ್ಯಾಗ ಹಿಡಸ್ತದೇನ್ರಿ ಅಪ್ಪಾ?" ಎಂದಳು, ಪೂರ್ತಿ ಗಂಭೀರವಾಗಿ. "ಹಿಡಸಂಗಿಲ್ಲ. ಅದಕ್ಕೇ ಈಕಿನ್ನ ಕರ್ಕೊಂಡ್ ಬಂದೀನಿ" ಎಂದು ನನ್ನತ್ತ ಬೆತ್ತ ತೋರಿಸಿದರು. ಅಂದಿನಿಂದ ನಾನು ಜಂಗಮರ ಎರಡನೇ ಜೋಳಿಗೆಯಾದೆ. ಬಾಗಿಲಿಗೆ ಬಂದ ಜಂಗಮರನ್ನು ಬರಿಗೈಯಲ್ಲಿ ಕಳಿಸುವ ಎದೆಗಾರಿಕೆ ಆ ಸೀಮೆಯಲ್ಲಿ ಯಾರಿಗಿದೆ? ಮೂರು ದಿನದಲ್ಲಿ ಹನ್ನೊಂದು ಸಾಮಾನು ಬಂದವು. ಕೊಟ್ಟವರು ಕಾಲಿಗೆ ಬಿದ್ದು, ಚಹಾ ಕುಡಿಸಿ, ಓಣಿಯ ಕೊನೆಯವರೆಗೆ ಬಂದು ಕಳಿಸುತ್ತಿದ್ದರು. ನನ್ನ ನೋಟೀಸಿಗೆ ಹೆಬ್ಬೆರಳು ತೋರಿಸಿದ್ದ ಜನವೇ ಇವರು.

ಕಾಸಾರಶಿರಸಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ಅಯ್ಯನವರು ಎಲ್ಲಿದ್ದರೂ ಬಂದು ಕಿವಿ ಹಿಂಡುತ್ತಾರೆ. ಅಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಮನೆ, ಅಯ್ಯನವರ ಮನೆತನಕ್ಕೆ ತಲೆಮಾರಿನಿಂದ ನಡೆದುಕೊಳ್ಳುವವರು. ಇವರು ಜೋಳಿಗೆ ಹಿಡಿದು ಬಂದದ್ದು ನೋಡಿ ವ್ಯಾಪಾರಿಗೆ ಆನಂದವೋ ಆನಂದ. ಊಟಕ್ಕೆ ನಿಲ್ಲಿಸಿದ, ಪಾದಪೂಜೆಗೆ ಏರ್ಪಾಡು ಮಾಡಿಸಿದ. "ಅಪ್ಪಾವ್ರಿಗಿ ಹೊಸ ಕುರ್ಚಿ ತಗೊಂಡ್ ಬರ್ರಿ" ಎಂದು ಕೂಗಿದ. ಒಳಗಿನಿಂದ ಇಬ್ಬರು ಹೊತ್ತು ತಂದರು. ಮೇಲೆ ಜರಿಯ ಗಾದಿ, ಬೆನ್ನಿಗೆ ಶಾಲು, ಎರಡೂ ಕೈಗೆ ಚೆಂಡುಹೂವಿನ ಮಾಲೆ. ಆದರೆ ಆ ಕಾಲುಗಳನ್ನು ನಾನು ಸಾವಿರ ಕುರ್ಚಿಗಳ ನಡುವೆಯೂ ಗುರುತಿಸುತ್ತಿದ್ದೆ. ಅದು ನಮ್ಮ ತೂತಿನ ಕುರ್ಚಿ.

ಅಯ್ಯನವರಿಗೂ ಗೊತ್ತಾಯಿತು. ಕೂತರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊಯ್ದಾಡಿದರು. ಕಣ್ಣು ಮುಚ್ಚಿದರು. ವ್ಯಾಪಾರಿ ಪಾದಕ್ಕೆ ನೀರೆರೆದ, ವಿಭೂತಿ ಹಚ್ಚಿದ, ಪತ್ರಿ ಏರಿಸಿದ. ಮನೆಯವರೆಲ್ಲ ಸುತ್ತ ನಿಂತು ಆರತಿ ಹಾಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದೆ. ಆರತಿಗೆ ಭಕ್ತಿ ಉಕ್ಕಿ ಅಳುತ್ತಿದ್ದೇನೆಂದು ಮನೆಯ ಮುದುಕಿ ನನ್ನ ಬೆನ್ನು ಸವರಿದಳು.

ಪೂಜೆ ಮುಗಿದ ಮೇಲೆ ಅಯ್ಯನವರು ಮೆಲ್ಲಗೆ ಕೇಳಿದರು: "ಇದರ ನಡು ತೂತು ಯಾಕದ, ಗೊತ್ತದೇನು?"

"ಬ್ಯಾಸಗಿ ಗಾಳಿಗಿರ್ರಿ ಅಪ್ಪಾ," ಎಂದ ವ್ಯಾಪಾರಿ. "ಕರೋನಾದಾಗ ಉಮರ್ಗಾ ಬೀಗರು ಕಳಸ್ಯಾರ, ಚೀಲದಾಗ ಹೊಸಾದೇ ಇತ್ತು. ಕೆಳಗ ಒಂದ್ ಬುಟ್ಟಿನೂ ಕೊಟ್ಟಾರ ನೋಡ್ರಿ. ಭಾಳ ಛಲೋ ಅದ. ಅದರಾಗ ಉಳ್ಳಾಗಡ್ಡಿ ಇಡ್ತೀವಿ."

"ಉಳ್ಳಾಗಡ್ಡಿ ನಾ ಇವತ್ತಿನಿಂದ ಬಿಟ್ಟೀನಪ್ಪಾ, ಊಟಕ್ಕ ಹಾಕಬ್ಯಾಡ್ರಿ," ಎಂದರು ಅಯ್ಯನವರು. ಆಮೇಲೆ, "ಭಿಕ್ಷಾ ಕೊಡೋದಾದ್ರ ಈ ಪೀಠನೇ ಕೊಡು."

ವ್ಯಾಪಾರಿಯ ಕಣ್ಣಲ್ಲಿ ನೀರು. ತಾವು ಕೂತ ಪೀಠವನ್ನು ಜಂಗಮರೇ ಬಾಯಿಬಿಟ್ಟು ಕೇಳಿದರಲ್ಲ ಎಂದು ಗಾದಿ, ಶಾಲು, ಬುಟ್ಟಿ ಸಮೇತ ಬಾಡಿಗೆಯ ಟಂಟಂ ಆಟೋಕ್ಕೆ ಏರಿಸಿದ. ಊರು ದಾಟುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಆಮೇಲೆ ನಕ್ಕ ನಗೆಗೆ ಟಂಟಂನವನು ಗಾಡಿ ನಿಲ್ಲಿಸಿ, ನೀರು ಬೇಕೇನ್ರಿ ಎಂದು ಕೇಳಿದ. ನಿಜ ಹೇಳಬೇಕಿತ್ತಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಯ್ಯನವರು ಕಣ್ಣೊರೆಸಿಕೊಳ್ಳುತ್ತ, "ಅವ್ರ ಭಕ್ತಿಗಿ ತೂತಿರಲಿಲ್ಲ ಬಿಡು" ಎಂದರು.

ಉದಗೀರದಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಜನ ಕೊಟ್ಟದ್ದೇ ಹೆಚ್ಚಾಯಿತು. ಸಂಗಯ್ಯನವರು ಕುರ್ಚಿಯ ಭಿಕ್ಷೆ ಬೇಡುತ್ತಾರೆಂದು ಸುದ್ದಿ ಹಬ್ಬಿ, ಮೊಂಢಾದ ಧಾನ್ಯದಂಗಡಿಗಳ ಸಾಲಿನಲ್ಲಿ ನಮ್ಮವಲ್ಲದ ಊರುಗೋಲು, ಯಾರದೋ ತಾತನ ಬೆತ್ತ, ಒಂದು ತೊಟ್ಟಿಲು ಬಂದವು. ಒಬ್ಬ ಕ್ಷೌರಿಕ ತನ್ನ ಹಳೆಯ ತಿರುಗುವ ಕುರ್ಚಿಯನ್ನೇ ತಂದು ಎದುರಿಗಿಟ್ಟ. ಇದು ನಮ್ಮದಲ್ಲ ಎಂದರೆ, "ಭಿಕ್ಷಾ ಅಂತ ಹೊರಗ ತಂದಿದ್ದು ಒಳಗ ಒಯ್ಯಂಗಿಲ್ರಿ" ಎಂದು ಕೈಕಟ್ಟಿ ನಿಂತ. ಎಲ್ಲವನ್ನೂ ತೆರೆದ ಟೆಂಪೋದಲ್ಲಿ ಹೇರಿಕೊಂಡು ಹೊರಟೆವು. ಅಯ್ಯನವರು ಬೇರೆಲ್ಲೂ ಕೂರಲೊಲ್ಲರು. ಉದಗೀರದಿಂದ ನಿಲಂಗಾದವರೆಗೆ ಆ ಕುರ್ಚಿಯಲ್ಲೇ ಕೂತು, ಕಾವಿ ಶಾಲು ಗಾಳಿಗೆ ಬಿಟ್ಟು, ಎಡಗಡೆ ಸೋಯಾ ಹೊಲ ಬಂದರೆ ಎಡಕ್ಕೆ, ಬಲಗಡೆ ತೊಗರಿ ಬಂದರೆ ಬಲಕ್ಕೆ ತಿರುಗುತ್ತ, ಹೊಲದ ಮಂದಿಗೆಲ್ಲ ಆಶೀರ್ವಾದ ಮಾಡುತ್ತ ಬಂದರು. ಅಂಥ ಸುಖಿ ಮನುಷ್ಯನನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಖಂಡೇನವಮಿಯ ಹಿಂದಿನ ದಿನ ಕೋಣೆ ಸೂರಿನವರೆಗೆ ತುಂಬಿತ್ತು. ಡಾಕ್ಟರು ಬಂದು ನೋಡಿ, ಬಾಗಿಲ ಒಳಗೆ ಕಾಲಿಡಲು ಜಾಗವಿಲ್ಲದೆ ಹೊರಗೇ ನಿಂತು ನಕ್ಕರು. "ನಾಳಿಗಿ ಪೂಜಿ ಮಾಡೇಬಿಡೋಣು" ಎಂದರು.

ಅಯ್ಯನವರು ತಲೆಯಾಡಿಸಿದರು. "ಹಿಡದ ಓಣಿ ಪೂರಾ ಆಗ್ಲಾರದ ಜೋಳಿಗಿ ಇಳಸಬಾರ್ದು, ನಮ್ಮಪ್ಪ ಹೇಳ್ತಿದ್ದ. ಇನ್ನ ಒಂದ್ ಮನಿ ಉಳದದ. ಅದು ಆಗ್ಲಾರದ ನಾ ಪೂಜಿಗಿ ಕುಂದ್ರಂಗಿಲ್ಲ."

"ಅಂವಾ ಕೊಡ್ಲಿಲ್ಲಾಂದ್ರ?" ಎಂದು ಡಾಕ್ಟರು ಕೇಳಿದರು.

"ಕೊಡ್ಲಿಲ್ಲಾಂದ್ರ ಔಷಧ ಅಂಗಡಿ ಮಾಡ್ರಿ."

ಯಾರ ಮನೆ ಎಂದು ಅವರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನನಗೆ ಸಿಟ್ಟು ಬಂತು. ನಲವತ್ತು ಸಾಮಾನು ಹೊತ್ತು ಹೆಗಲು ಬಾತಿದೆ, ನನ್ನದೊಂದನ್ನು ಬಿಟ್ಟರೇನು ಗಂಟು ಹೋಗುತ್ತಿತ್ತು ಈ ಮುದುಕನಿಗೆ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದೆ. ಬಂದು ಅಡುಗೆಮನೆ ಬಾಗಿಲು ನೋಡಿದ್ದೇ ಅಳು ಬಂತು.

ಬೆಳಿಗ್ಗೆ ಬಾಗಿಲಲ್ಲಿ ಗಂಟೆ ಸದ್ದಾಯಿತು. "ಭಿಕ್ಷಾ."

ನಾನು ಮೊರದಲ್ಲಿ ಜೋಳ ತಂದೆ. ಅವರು ಜೋಳಿಗೆಯ ಬಾಯಿ ತೆರೆದು ಹಾಕಿಸಿಕೊಂಡರು. ಆದರೆ ಹೋಗಲಿಲ್ಲ. ಬಿಸಿಲಲ್ಲಿ ನಿಂತೇ ಇದ್ದರು. ಅವರು ಒಂದು ಮಾತು ಕೇಳಿದ್ದರೆ ನಾನು ಜಗಳ ಆಡಿಬಿಡುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ಸೋತೆ. ಒಳಗೆ ಹೋಗಿ ವಾಕರ್ ತಂದು ಅವರ ಮುಂದಿಟ್ಟೆ.

"ಅತ್ತಿ ಇದನ್ನ ಹಿಡಕೊಂಡೇ ನನಗ ಬೈತಿದ್ಳು ಅಯ್ಯನೋರ," ಎಂದೆ.

"ಉಪ್ಪು ಕಮ್ಮಿ ಹಾಕ್ತಿ, ಬೈಲಾರದ ಏನ್ ಮಾಡ್ತಾಳ?" ಎಂದರು. ಆಮೇಲೆ ಬೆತ್ತವನ್ನು ಗೋಡೆಗಾನಿಸಿ, ನೆಲದ ಮೇಲೆ ಕೂತು, ಹಿಡಿಕೆಗೆ ಸುತ್ತಿದ್ದ ಸೀರೆಯ ತುಂಡನ್ನು ಗಂಟು ಗಂಟಾಗಿ ಬಿಚ್ಚಿ, ಮಡಚಿ ನನ್ನ ಕೈಯಲ್ಲಿಟ್ಟರು. "ಭಿಕ್ಷಾ ಅಲ್ಯೂಮಿನಿಯಮ್ಮಿಂದಷ್ಟೇ. ಇದು ನಿಂದು."

ಅಂದು ವೀಲ್‌ಚೇರುಗಳಿಗೆ ಕುಂಕುಮ, ಮಂಚಗಳಿಗೆ ಚೆಂಡುಹೂ, ಕ್ಷೌರಿಕನ ಕುರ್ಚಿಗೆ ನಿಂಬೆಹಣ್ಣು. ಸಂಜೆಯೊಳಗೆ ಅತ್ತೆಯ ವಾಕರ್ ಒಬ್ಬ ನಿವೃತ್ತ ಕಂಡಕ್ಟರ ಮನೆಗೆ ಹೋಯಿತು. ಹೋಗುವಾಗ ನನಗೆ ಸಂಕಟವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಅಯ್ಯನವರು ಹೋಗಿ ಈಗ ಎರಡು ವರ್ಷವಾಗುತ್ತ ಬಂತು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಕಾಸಾರಶಿರಸಿಯಲ್ಲಿ ಮಣ್ಣು ಮಾಡಿ ಬಂದ ಮರುದಿನ, ಏನು ಮಾಡುವುದೆಂದು ತೋಚದೆ ಕುರ್ಚಿ ಮನೆಯ ಬಾಗಿಲು ತೆಗೆದು ಕೂತಿದ್ದೆ. ರಸ್ತೆಯಲ್ಲಿ ಜನ ನಗುವುದು ಕೇಳಿ ಹೊರಗೆ ನೋಡಿದರೆ ಒಬ್ಬ ಹೆಂಗಸು, ಹಾಸಿಗೆ ಹಿಡಿದ ರೋಗಿಗಳಿಗೆಂದು ಕೊಡುವ ನಮ್ಮ ಗಾಳಿ ಹಾಸಿಗೆಯನ್ನು, ತುಂಬಿದ ಗಾಳಿಯನ್ನೂ ಬಿಡದೆ, ತಲೆಯ ಮೇಲೆ ಹೊತ್ತು ಬರುತ್ತಿದ್ದಳು. ಬೀಸುಗಾಳಿಗೆ ಹಾಸಿಗೆ ಅವಳನ್ನು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ ಒಯ್ಯುತ್ತಿತ್ತು. ಅವಳ ಗಂಡ ತೀರಿಕೊಂಡು ಹತ್ತು ದಿನವಾಗಿತ್ತು.

ಬಾಗಿಲ ಹತ್ತಿರ ಬಂದು ಇಳಿಸಿದಳು. ಆದರೆ ಕೈ ಬಿಡಲಿಲ್ಲ. "ಗಾಳಿ ಬಿಡ್ಲಾಕ ಮನಸು ಆಗ್ಲಿಲ್ರೀ ಬಾಯಿ," ಎಂದಳು. "ಮಕ್ಕೊಂಡಿದ್ದ ಗುರ್ತು ಇನ್ನ ಹಂಗೇ ಅದ."

ನೋಡಿದೆ, ಇತ್ತು. ನಾನು ಜಂಗಮರವಳಲ್ಲ, ಜೋಳಿಗೆ ಹಿಡಿಯುವ ಹಕ್ಕು ನನಗಿಲ್ಲ. ಆದರೂ ಮೇಜು ಬಿಟ್ಟು ಎದ್ದು ಹೊಸ್ತಿಲು ದಾಟಿದೆ. ಅವಳ ಮುಂದೆ ಎರಡೂ ಕೈ ಚಾಚಿದೆ.

"ಭಿಕ್ಷಾ ಹಾಕ್ರಿ ತಾಯಿ," ಎಂದೆ.

ಅವಳು ನನ್ನ ಮುಖ ನೋಡಿದಳು, ಕೈ ನೋಡಿದಳು, ಮೆಲ್ಲಗೆ ಹಾಸಿಗೆಯನ್ನು ನನ್ನ ಕೈಗಿಟ್ಟಳು. ಒಳಗೆ ಒಯ್ಯಲು ನೋಡಿದರೆ ಅದು ಬಾಗಿಲಲ್ಲಿ ಹಿಡಿಸಲೊಲ್ಲದು. ನಾನು ಎಳೆದೆ, ಅವಳು ನೂಕಿದಳು, ಹಾಸಿಗೆ ಇಬ್ಬರನ್ನೂ ಪುಟಿಸಿ ಹೊರಗೆ ಕೂರಿಸಿತು. ಅವಳಿಗೆ ನಗು ಬಂತು, ಅದನ್ನು ನೋಡಿ ನನಗೂ ಬಂತು. ಕಟ್ಟೆಯ ಮೇಲೆ ಕೂತು ಇಬ್ಬರೂ ನಕ್ಕೆವು, ಅತ್ತೆವು. ಆಮೇಲೆ ಅವಳೇ ಅದರ ಗಾಳಿ ಬಿಡುವ ಬಿರಡೆಯ ಮೇಲೆ ನನ್ನ ಕೈಯಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು, ತಿರುಗಿಸಿದಳು.